ಹಳೆಯ ಕಾರಿನ ತಂಪು ಯಂತ್ರವೂ ಅಳತೆಯ ಶಿಸ್ತೂ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಬೇಸಗೆಯನ್ನು ಬಲ್ಲವರಿಗೆ ಅದರ ವರ್ಣನೆ ಬೇಕಾಗಿಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ನಡುವೆ ನೆರಳು ವಿರಳವಾದ ಎರೆಭೂಮಿಯ ಬಯಲು. ಏಪ್ರಿಲ್-ಮೇ ತಿಂಗಳುಗಳ ಮಧ್ಯಾಹ್ನ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸನ್ನು ದಾಟುವುದು ಇಲ್ಲಿ ವಿಶೇಷವೆನಿಸುವುದಿಲ್ಲ. ಗಾಜುಗಳನ್ನು ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅದು ಇನ್ನೂ ಹತ್ತು-ಇಪ್ಪತ್ತು ಡಿಗ್ರಿಗಳಷ್ಟು ಏರುತ್ತದೆ. ಇಂಥ ಹೊತ್ತಿನಲ್ಲಿ ರೋಗಿಯನ್ನೋ ಬಾಣಂತಿಯನ್ನೋ ವಯಸ್ಸಾದವರನ್ನೋ ಕೂರಿಸಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೊರಡುವ ಬಾಡಿಗೆ ಕಾರಿನಲ್ಲಿ ತಂಪು ಯಂತ್ರ ಕೆಲಸ ಮಾಡದಿದ್ದರೆ ಅದನ್ನು ಬರಿಯ ಸುಖದ ಕೊರತೆಯೆಂದು ತಳ್ಳಿಹಾಕುವಂತಿಲ್ಲ. ಈ ಭಾಗದಲ್ಲಿ ಹೀಗೆ ಓಡುವ ಕಾರುಗಳಲ್ಲಿ ಹಲವು ಹಳೆಯವು; ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದವು. ಅವುಗಳ ಒಡೆಯನಿಗೆ ಒಂದು ರಿಪೇರಿಯ ವೆಚ್ಚವೆಂದರೆ ಹಲವು ದಿನಗಳ ದುಡಿಮೆ.

ಇಂಥ ಕಾರಿನಿಂದ ತಣ್ಣನೆಯ ಗಾಳಿ ಬರುವುದು ನಿಂತಿತೆಂದರೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: “ಗ್ಯಾಸು ಹೋಗಿದೆ.” ಗ್ಯಾಸು ತುಂಬಿಸಲಾಗುತ್ತದೆ. ತಂಪು ಬರಲಿಲ್ಲವಾದರೆ ಕಂಪ್ರೆಸರಿನ ಮೇಲೆ ಅಪವಾದ ಬೀಳುತ್ತದೆ. ಅದನ್ನೂ ಬದಲಿಸಿದ ಮೇಲೆ ತಂತಿಗಳ ಕಡೆಗೆ ಗಮನ ಹರಿಯುತ್ತದೆ. ಎಲ್ಲಕ್ಕಿಂತ ಕೊನೆಯಲ್ಲಿ, ಅದೂ ಹರಿದರೆ, ಬೆರಳಿನ ತುದಿಯಷ್ಟೇ ದೊಡ್ಡದಾದ ಒಂದು ಉಷ್ಣತೆಯ ಸಂವೇದಕದ ಕಡೆಗೆ. ಈ ಅನುಕ್ರಮವು ತಲೆಕೆಳಗಾದುದು ಎಂಬುದು ನನ್ನ ಅಭಿಪ್ರಾಯ. ಸುಲಭವಾಗಿ ಅಳೆಯಬಹುದಾದುದನ್ನು ಮೊದಲು ಅಳೆಯಬೇಕು. ದುಬಾರಿಯಾದುದನ್ನು ಬದಲಿಸುವುದು ಎಲ್ಲ ಅಳತೆಗಳೂ ಮುಗಿದ ಮೇಲಿನ ಮಾತು. ಈ ಅಳತೆಗೆ ಬೇಕಾದ ವಿದ್ಯೆಯಾದರೂ ದೂರದಲ್ಲಿಲ್ಲ. ನಮ್ಮ ಪ್ರೌಢಶಾಲೆಯ ಹತ್ತನೆಯ ತರಗತಿಯ ವಿಜ್ಞಾನ ಪಾಠದಲ್ಲಿಯೇ ಇದೆ. ಪಾಠಕ್ಕೂ ಗ್ಯಾರೇಜಿಗೂ ನಡುವೆ ಸೇತುವೆ ಇಲ್ಲದಿರುವುದೇ ಇಲ್ಲಿನ ಕೊರತೆ.

ಮೊದಲು ಯಂತ್ರದ ಕ್ರಮವನ್ನು ಸಂಕ್ಷೇಪವಾಗಿ ನೋಡೋಣ. ಎಂಜಿನ್ನಿನ ಪಟ್ಟಿಯಿಂದ ತಿರುಗುವ ಕಂಪ್ರೆಸರು ಶೈತ್ಯಕಾರಕ ಅನಿಲವನ್ನು ಅದುಮಿ ಬಿಸಿಮಾಡಿ ಕಾರಿನ ಮುಂಭಾಗದ ಕಂಡೆನ್ಸರಿಗೆ ಕಳುಹಿಸುತ್ತದೆ. ಅಲ್ಲಿ ಅದು ಹೊರಗಿನ ಗಾಳಿಗೆ ಶಾಖವನ್ನು ಕೊಟ್ಟು ದ್ರವವಾಗುತ್ತದೆ. ಆ ದ್ರವವು ಒಂದು ಕಿರಿದಾದ ರಂಧ್ರದ ಮೂಲಕ ಹಾಯ್ದು, ಒತ್ತಡವನ್ನು ಕಳೆದುಕೊಂಡು, ಎವಾಪರೇಟರಿನಲ್ಲಿ ಆವಿಯಾಗುತ್ತದೆ. ಗ್ಯಾರೇಜಿನವರು ಇದನ್ನು ಕೂಲಿಂಗ್ ಕಾಯಿಲ್ ಎನ್ನುತ್ತಾರೆ. ಆವಿಯಾಗಲು ಬೇಕಾದ ಶಾಖವನ್ನು ಅದು ಕಾರಿನೊಳಗಿನ ಗಾಳಿಯಿಂದ ಪಡೆಯುವುದರಿಂದ ಗಾಳಿ ತಂಪಾಗುತ್ತದೆ. ಮಣ್ಣಿನ ಗಡಿಗೆಯ ನೀರನ್ನು ತಣ್ಣಗಿಡುವ ತತ್ತ್ವವೇ ಇಲ್ಲಿಯೂ ಕೆಲಸ ಮಾಡುವುದು. ಗಡಿಗೆಯಲ್ಲಿ ಆವಿ ಗಾಳಿಗೆ ಹೋಗಿಬಿಡುತ್ತದೆ, ಇಲ್ಲಿ ಅದನ್ನು ಹಿಡಿದು ಮತ್ತೆ ದ್ರವವನ್ನಾಗಿ ಮಾಡಲಾಗುತ್ತದೆ.

ಇಲ್ಲಿ ಒಂದು ತೊಡಕು ಉಂಟು. ಕೂಲಿಂಗ್ ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಕ್ಕೆ ಇಳಿದರೆ ಗಾಳಿಯಲ್ಲಿರುವ ತೇವ ಅದರ ರೆಕ್ಕೆಗಳ ಮೇಲೆ ಮಂಜುಗಡ್ಡೆಯಾಗಿ ಕಟ್ಟಿಕೊಳ್ಳುತ್ತದೆ. ಮಂಜು ಬೆಳೆದಂತೆ ಗಾಳಿಯ ದಾರಿ ಮುಚ್ಚುತ್ತದೆ. ಹೀಗಾಗದಂತೆ, ಕಾಯಿಲ್ ಸುಮಾರು ಎರಡು ಡಿಗ್ರಿಗೆ ಇಳಿದಾಗ ಕಂಪ್ರೆಸರನ್ನು ನಿಲ್ಲಿಸಿ, ಕೆಲವು ಡಿಗ್ರಿ ಮೇಲೇರಿದಾಗ ಮತ್ತೆ ನಡೆಸಬೇಕಾಗುತ್ತದೆ. ನಿಲ್ಲಿಸುವ ಮತ್ತು ನಡೆಸುವ ಕೆಲಸ ಅಯಸ್ಕಾಂತದ ಕ್ಲಚ್ಚಿನದು. ಅದಕ್ಕೆ ಆಜ್ಞೆ ಕೊಡುವುದು ಆಂಪ್ಲಿಫೈಯರ್ ಎಂಬ ಒಂದು ಸಣ್ಣ ಪೆಟ್ಟಿಗೆ. ಆ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುವುದು ಕಾಯಿಲ್ಲಿನ ರೆಕ್ಕೆಗಳ ನಡುವೆ ಸಿಕ್ಕಿಸಿದ ಸಂವೇದಕ. ಆಂಪ್ಲಿಫೈಯರಿಗೆ ಕಣ್ಣಿಲ್ಲ, ಚರ್ಮವಿಲ್ಲ. ಸಂವೇದಕ ಹೇಳಿದ್ದೇ ಅದಕ್ಕೆ ಸತ್ಯ.

ಈ ಸಂವೇದಕವನ್ನು ಥರ್ಮಿಸ್ಟರ್ ಎನ್ನುತ್ತಾರೆ. ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್ ಮೊದಲಾದ ಲೋಹಗಳ ಆಕ್ಸೈಡುಗಳ ಪುಡಿಯನ್ನು ಒತ್ತಿ ಸುಟ್ಟು ಮಾಡಿದ ಮಣಿ ಇದು. ತಾಮ್ರದ ತಂತಿಯನ್ನು ಬಿಸಿಮಾಡಿದರೆ ಅದರ ವಿದ್ಯುತ್ ರೋಧ ಹೆಚ್ಚುವುದೆಂದು ನಾವು ಓದಿದ್ದೇವೆ. ಥರ್ಮಿಸ್ಟರಿನಲ್ಲಿ ಇದಕ್ಕೆ ವಿರುದ್ಧವಾದ ನಡತೆ: ಬಿಸಿಯಾದಂತೆ ರೋಧ ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. ಈ ವಿಲಕ್ಷಣ ನಡತೆಯನ್ನು ಮೈಕೇಲ್ ಫ್ಯಾರಡೆ ೧೮೩೩ರಲ್ಲಿ ಸಿಲ್ವರ್ ಸಲ್ಫೈಡಿನಲ್ಲಿ ಗಮನಿಸಿದ್ದನು. ಅರೆವಾಹಕದ ಗುಣವೊಂದನ್ನು ಮನುಷ್ಯನು ಮೊದಲು ಕಂಡ ಸಂದರ್ಭಗಳಲ್ಲಿ ಅದು ಒಂದು. ಅದನ್ನು ಬಳಕೆಯ ಸಾಧನವಾಗಿ ರೂಪಿಸಲು ಸುಮಾರು ನೂರು ವರ್ಷಗಳು ಬೇಕಾದವು. ೧೯೩೦ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ ಆ ಕೆಲಸವನ್ನು ಮಾಡಿದನು.

ಉದಾಹರಣೆಗೆ ೨೫ ಡಿಗ್ರಿಯಲ್ಲಿ ೨೦೦೦ ಓಂ ರೋಧವುಳ್ಳ ಒಂದು ಥರ್ಮಿಸ್ಟರನ್ನು ತೆಗೆದುಕೊಳ್ಳೋಣ. ಸಾಮಾನ್ಯ ಬಗೆಯ ಮಣಿಯಾದರೆ ಅದರ ರೋಧ ೪೦ ಡಿಗ್ರಿಯಲ್ಲಿ ಸುಮಾರು ೧೦೬೦ ಓಂ, ೧೦ ಡಿಗ್ರಿಯಲ್ಲಿ ೪೦೩೦, ೨ ಡಿಗ್ರಿಯಲ್ಲಿ ೬೦೫೦, ಸೊನ್ನೆಯಲ್ಲಿ ೬೭೨೦ ಓಂ ಆಗುತ್ತದೆ. ಕಾರಿನಿಂದ ಕಾರಿಗೆ ಈ ಅಂಕಿಗಳು ಬೇರೆಯಾಗುತ್ತವೆ. ಆಯಾ ಕಾರಿನ ದುರಸ್ತಿಯ ಕೈಪಿಡಿಯಲ್ಲಿರುವ ಪಟ್ಟಿಯೇ ಅಲ್ಲಿಗೆ ಪ್ರಮಾಣ. ಆದರೆ ಏರಿಳಿತದ ರೀತಿ ಎಲ್ಲದರಲ್ಲಿಯೂ ಒಂದೇ.

ಈಗ ಈ ಮಣಿ ಎಷ್ಟು ಬಗೆಗಳಲ್ಲಿ ತಪ್ಪು ಸಾಕ್ಷಿ ನುಡಿಯಬಹುದೆಂಬುದನ್ನು ಆಲೋಚಿಸಬೇಕು. ಒಂದನೆಯದು, ತಂತಿ ತುಂಡಾಗುವುದು. ಆಗ ರೋಧ ಅಪಾರವಾಗುತ್ತದೆ. ಅಪಾರ ರೋಧವೆಂದರೆ ಆಂಪ್ಲಿಫೈಯರಿನ ಲೆಕ್ಕದಲ್ಲಿ ಅಪಾರ ಚಳಿ. ಹೊರಗೆ ೪೨ ಡಿಗ್ರಿಯ ಉರಿಬಿಸಿಲಿದ್ದರೂ ಅದು “ಮಂಜು ಕಟ್ಟುತ್ತಿದೆ” ಎಂದು ತಿಳಿದು ಕಂಪ್ರೆಸರನ್ನು ನಡೆಸುವುದೇ ಇಲ್ಲ. ಎರಡನೆಯದು, ಎರಡು ತಂತಿಗಳ ಮೈ ಸವೆದು ಒಂದಕ್ಕೊಂದು ತಗಲುವುದು. ಆಗ ರೋಧ ಸೊನ್ನೆಯ ಸಮೀಪಕ್ಕೆ ಬರುತ್ತದೆ. ಆಂಪ್ಲಿಫೈಯರಿಗೆ ಅದು ಬೆಂಕಿಯಂಥ ಬಿಸಿ. ಕಂಪ್ರೆಸರು ನಿಲ್ಲದೆ ಓಡಿ ಕಾಯಿಲ್ ಮಂಜಿನಿಂದ ಮುಚ್ಚುತ್ತದೆ. ಮೂರನೆಯದು, ಮಣಿ ತನ್ನ ಸ್ಥಾನದಿಂದ ಜಾರಿ ರೆಕ್ಕೆಗಳಿಂದ ದೂರ ನಿಲ್ಲುವುದು. ಅದು ತಾನಿರುವ ಜಾಗದ ಉಷ್ಣತೆಯನ್ನು ಪ್ರಾಮಾಣಿಕವಾಗಿಯೇ ಹೇಳುತ್ತದೆ. ಆದರೆ ನಿಂತಿರುವ ಜಾಗವೇ ತಪ್ಪು. ಇಲ್ಲಿಯೂ ಫಲ ಮಂಜು. “ಹೊರಟ ಅರ್ಧ ಗಂಟೆ ಚೆನ್ನಾಗಿ ತಂಪು, ಆಮೇಲೆ ಗಾಳಿಯೇ ಬರುವುದಿಲ್ಲ, ಸ್ವಲ್ಪ ಹೊತ್ತು ಆರಿಸಿ ಹಾಕಿದರೆ ಮತ್ತೆ ಸರಿ” ಎಂದು ಚಾಲಕ ಹೇಳಿದರೆ, ಆ ಮಾತಿನಲ್ಲಿಯೇ ಅರ್ಧ ರೋಗನಿದಾನ ಅಡಗಿರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ವಂಚಕವಾದುದು. ತಂತಿಯ ಜೋಡಣೆಯಲ್ಲಿ ಕಿಲುಬು ಹಿಡಿದು ಅಲ್ಲಿ ಬೇರೊಂದು ರೋಧ ಹುಟ್ಟಿಕೊಳ್ಳುವುದು. ಸರಣಿಯಲ್ಲಿರುವ ರೋಧಗಳನ್ನು ಕೂಡಬೇಕೆಂಬ ನಿಯಮ ನಮಗೆ ಗೊತ್ತೇ ಇದೆ. ಕಿಲುಬಿನ ರೋಧ ೨೦೦೦ ಓಂ ಇದೆಯೆಂದು ಭಾವಿಸೋಣ. ಕಂಪ್ರೆಸರನ್ನು ನಿಲ್ಲಿಸಬೇಕಾದುದು ೬೦೫೦ ಓಂ ಕಂಡಾಗ. ಆದರೆ ಮಣಿಯ ರೋಧ ಬರಿಯ ೪೦೫೦ ಇರುವಾಗಲೇ, ಎಂದರೆ ಕಾಯಿಲ್ ಹತ್ತು ಡಿಗ್ರಿಯಲ್ಲಿರುವಾಗಲೇ, ಒಟ್ಟು ಮೊತ್ತ ೬೦೫೦ ಆಗಿಬಿಡುತ್ತದೆ. ಎರಡು ಡಿಗ್ರಿಯಲ್ಲಿ ನಿಲ್ಲಬೇಕಾದ ಕಂಪ್ರೆಸರು ಹತ್ತರಲ್ಲಿಯೇ ನಿಲ್ಲುತ್ತದೆ. ಗಾಳಿ ಬರುತ್ತದೆ, ಸ್ವಲ್ಪ ತಂಪೂ ಇರುತ್ತದೆ, ಆದರೆ ಸಾಲದು. ಇದು ಗ್ಯಾಸು ಕಡಿಮೆಯಾದ ಲಕ್ಷಣದಂತೆಯೇ ತೋರುವುದರಿಂದ ಅನುಭವಿಯೂ ಇಲ್ಲಿ ದಾರಿ ತಪ್ಪಬಹುದು. ಇನ್ನೊಂದು ಸ್ವಾರಸ್ಯವನ್ನು ಗಮನಿಸಿ: ಕಾಯಿಲ್ ೪೦ ಡಿಗ್ರಿಯಲ್ಲಿರುವಾಗ ಇದೇ ಕಿಲುಬು ೧೦೬೦ನ್ನು ೩೦೬೦ ಮಾಡಿ, ಅದು ೧೬ ಡಿಗ್ರಿಯೆಂದು ತೋರಿಸುತ್ತದೆ. ಚಳಿಯಲ್ಲಿ ಎಂಟು ಡಿಗ್ರಿಗಳ ಸುಳ್ಳು. ಬಿಸಿಯಲ್ಲಿ ಇಪ್ಪತ್ತನಾಲ್ಕು ಡಿಗ್ರಿಗಳ ಸುಳ್ಳು. ದೋಷ ಒಂದೇ ಆದರೂ ಅದರ ಪರಿಣಾಮ ಎಲ್ಲೆಡೆಯೂ ಒಂದೇ ಅಲ್ಲ. ಆದುದರಿಂದಲೇ ಒಂದೇ ಉಷ್ಣತೆಯಲ್ಲಿ ಪರೀಕ್ಷಿಸಿ “ಸರಿಯಾಗಿದೆ” ಎಂದು ಬಿಡುವಂತಿಲ್ಲ.

ಇನ್ನೂ ಹಳೆಯದಾದ ಕೆಲವು ಕಾರುಗಳಲ್ಲಿ ಥರ್ಮಿಸ್ಟರಿನ ಬದಲು ಅನಿಲ ತುಂಬಿದ ಕೂದಲೆಳೆಯಂಥ ತಾಮ್ರದ ನಳಿಗೆ ಇರುತ್ತದೆ. ನಳಿಗೆಯ ತುದಿ ಕಾಯಿಲ್ಲಿನಲ್ಲಿ. ಇನ್ನೊಂದು ತುದಿಯಲ್ಲಿ ತಿದಿಯಂಥ ಒಂದು ಡಬ್ಬಿ. ಬಿಸಿಯಾದಾಗ ಅನಿಲ ಹಿಗ್ಗಿ ತಿದಿಯನ್ನು ಉಬ್ಬಿಸಿ ವಿದ್ಯುತ್ತಿನ ಮಂಡಲವನ್ನು ಕೂಡಿಸುತ್ತದೆ. ತಂಪಾದಾಗ ತಿದಿ ಕುಗ್ಗಿ ಮಂಡಲ ಬಿಡುತ್ತದೆ. ನಳಿಗೆ ಎಲ್ಲಿಯಾದರೂ ಬಾಗಿ ಸೀಳಿ ಅನಿಲ ಸೋರಿಹೋದರೆ ತಿದಿ ಶಾಶ್ವತವಾಗಿ ಕುಗ್ಗಿರುತ್ತದೆ. ಆಗಲೂ ಫಲ ಅದೇ: ಕಂಪ್ರೆಸರು ಏಳುವುದಿಲ್ಲ. ಗ್ಯಾಸು ನಿಜವಾಗಿಯೂ ಹೋಗಿದೆ, ಆದರೆ ಜನ ತಿಳಿದ ಜಾಗದಿಂದಲ್ಲ!

ಉಷ್ಣತೆಯನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರವುಳ್ಳ ಕಾರುಗಳಲ್ಲಿ ಇನ್ನೂ ಕೆಲವು ಸಂವೇದಕಗಳುಂಟು. ಒಂದು ಹೊರಗಿನ ಗಾಳಿಯನ್ನು ನೋಡುತ್ತದೆ. ಅದು ಮುಂಭಾಗದ ಜಾಲರಿಯ ಹಿಂದಿರುತ್ತದೆ. ಮಳೆಗಾಲದಲ್ಲಿ ಅಂಟಿದ ಎರೆಮಣ್ಣು ಒಣಗಿ ಅದರ ಮೇಲೆ ಕವಚದಂತೆ ಕುಳಿತರೆ ಅದು ಗಾಳಿಯ ಉಷ್ಣತೆಯನ್ನು ಬಿಟ್ಟು ಮಣ್ಣಿನ ಉಷ್ಣತೆಯನ್ನು ಹೇಳತೊಡಗುತ್ತದೆ. ಇನ್ನೊಂದು ಕಾರಿನೊಳಗಿನ ಗಾಳಿಯನ್ನು ಸಣ್ಣ ರಂಧ್ರದ ಮೂಲಕ ಹೀರಿ ನೋಡುತ್ತದೆ. ನಮ್ಮ ಹಾದಿಗಳ ಧೂಳು ಆ ರಂಧ್ರವನ್ನು ಮುಚ್ಚಿದರೆ ಅದು ನಿಂತ ಗಾಳಿಯನ್ನು ನೋಡುತ್ತ ತಡವಾಗಿ ಉತ್ತರ ಕೊಡುತ್ತದೆ. ಇವುಗಳಿಗೆ ಬೇಕಾದ ಚಿಕಿತ್ಸೆ ಒಂದು ಮೃದುವಾದ ಕುಂಚ ಮಾತ್ರ. ಹಳ್ಳಿಯ ಮನೆಗಳ ಮುಂದೆ ರಾತ್ರಿ ನಿಲ್ಲುವ ಕಾರುಗಳ ತಂತಿಗಳನ್ನು ಇಲಿಗಳು ಕಡಿಯುವುದೂ ಲೋಕಾನುಭವದ ಮಾತು. ಕಂಪ್ರೆಸರನ್ನು ಬದಲಿಸಿ ಇಲಿಯ ಹಲ್ಲಿನ ಗುರುತನ್ನು ಅಳಿಸಲು ಸಾಧ್ಯವಿಲ್ಲವಷ್ಟೆ.

ಇನ್ನು ಪರೀಕ್ಷೆಯ ಕ್ರಮ. ಬೇಕಾದ ಸಾಮಗ್ರಿ ಒಂದು ಮಲ್ಟಿಮೀಟರು, ಒಂದು ಒಳ್ಳೆಯ ಉಷ್ಣಮಾಪಕ, ಸ್ವಲ್ಪ ಮಂಜುಗಡ್ಡೆ. ಪ್ರಕೃತಿಯೇ ಉಚಿತವಾಗಿ ಒದಗಿಸುವ ನಾಲ್ಕನೆಯ ಸಾಮಗ್ರಿಯೆಂದರೆ ಬೆಳಗಿನ ಜಾವ. ರಾತ್ರಿಯಿಡೀ ನೆರಳಿನಲ್ಲಿ ನಿಂತ ಕಾರಿನ ಎಲ್ಲ ಭಾಗಗಳೂ ಸೂರ್ಯೋದಯಕ್ಕೆ ಮೊದಲು ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರುತ್ತವೆ. ಆ ಹೊತ್ತಿನಲ್ಲಿ, ಎಂಜಿನ್ನನ್ನು ನಡೆಸುವ ಮೊದಲು, ಪ್ರತಿಯೊಂದು ಸಂವೇದಕದ ರೋಧವನ್ನೂ ಅಳೆದು ಕೈಪಿಡಿಯ ಪಟ್ಟಿಯೊಡನೆ ಹೋಲಿಸಿದರೆ ಎಲ್ಲವೂ ಒಂದೇ ಉಷ್ಣತೆಯನ್ನು ಹೇಳಬೇಕು. ಪಕ್ಕದಲ್ಲಿಟ್ಟ ಉಷ್ಣಮಾಪಕವೂ ಅದನ್ನೇ ಹೇಳಬೇಕು. ಯಾವುದು ಗುಂಪಿನಿಂದ ಬೇರೆಯಾಗಿ ನುಡಿಯುವುದೋ ಅದರ ಮೇಲೆ ಸಂಶಯ. ಮಧ್ಯಾಹ್ನ ಹನ್ನೆರಡಕ್ಕೆ ಈ ಪರೀಕ್ಷೆಯನ್ನು ಮಾಡಿದರೆ ಬಾನೆಟ್ಟಿನ ಕೆಳಗೊಂದು, ಆಸನದ ಬಳಿಯೊಂದು ಉಷ್ಣತೆ ಇರುವುದರಿಂದ ಗೊಂದಲವೇ ಹೊರತು ಜ್ಞಾನ ಬರುವುದಿಲ್ಲ.

ಎರಡನೆಯದು ಮಂಜಿನ ಪರೀಕ್ಷೆ. ಸಂವೇದಕವನ್ನು ಹೊರತೆಗೆದು, ನೀರು ತಾಕದಂತೆ ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಪುಡಿಮಾಡಿದ ಮಂಜುಗಡ್ಡೆ ಮತ್ತು ಶುದ್ಧ ನೀರಿನ ಮಿಶ್ರಣದಲ್ಲಿ ಮುಳುಗಿಸಬೇಕು. ಚೀಲವೇಕೆಂದರೆ, ಲವಣಾಂಶವುಳ್ಳ ನೀರು ತಾನೂ ವಿದ್ಯುತ್ತನ್ನು ಹರಿಸಿ ಮೀಟರಿಗೆ ತಪ್ಪು ಅಂಕಿಯನ್ನು ತೋರಿಸಬಹುದು. ಐದು ನಿಮಿಷಗಳ ನಂತರದ ರೋಧ ಸೊನ್ನೆ ಡಿಗ್ರಿಯದು. ಆಮೇಲೆ ಬೆಚ್ಚನೆಯ ನೀರಿನಲ್ಲಿಟ್ಟು, ಉಷ್ಣಮಾಪಕ ೪೦ ಡಿಗ್ರಿ ತೋರಿಸುವಾಗ ಮತ್ತೊಮ್ಮೆ ಅಳೆಯಬೇಕು. ಎರಡು ಬಿಂದುಗಳಲ್ಲಿ ಸರಿಹೋದ ಮಣಿಯನ್ನು ನಂಬಬಹುದು. ಮಣಿ ಸರಿಯಾಗಿದ್ದರೆ ಅದನ್ನು ಮತ್ತೆ ಜೋಡಿಸಿ ಆಂಪ್ಲಿಫೈಯರಿನ ಕಡೆಯ ತುದಿಯಿಂದ ಅಳೆಯಬೇಕು. ಎರಡು ಕಡೆಯ ಅಂಕಿಗಳ ನಡುವೆ ವ್ಯತ್ಯಾಸವಿದ್ದರೆ ಅದು ತಂತಿಯ ಅಥವಾ ಜೋಡಣೆಯ ಪಾಪ. ಅಳೆಯುವಾಗ ತಂತಿಯನ್ನು ಮೆಲ್ಲನೆ ಅಲುಗಾಡಿಸಿ ನೋಡಿದರೆ ಅಡಗಿದ್ದ ಬಿರುಕೂ ಹೊರಬೀಳುತ್ತದೆ.

ಮೂರನೆಯದು ಬದಲಿ ಸಾಕ್ಷಿಯ ಪರೀಕ್ಷೆ. ಸಂವೇದಕವನ್ನು ಬಿಚ್ಚಿ, ಅದರ ಜಾಗದಲ್ಲಿ ೨೫ ಡಿಗ್ರಿಗೆ ಸರಿಹೊಂದುವ ಒಂದು ನಿಶ್ಚಿತ ರೋಧವನ್ನು, ನಮ್ಮ ಉದಾಹರಣೆಯಲ್ಲಿ ೨೦೦೦ ಓಂ, ಸ್ವಲ್ಪ ಹೊತ್ತು ಮಾತ್ರ ಜೋಡಿಸುವುದು. ಕ್ಲಚ್ಚು “ಟಕ್” ಎಂದು ಹಿಡಿದು ಕಂಪ್ರೆಸರು ತಿರುಗಿದರೆ ಆಂಪ್ಲಿಫೈಯರೂ ಕ್ಲಚ್ಚೂ ನಿರ್ದೋಷಿಗಳು. ತಿರುಗದಿದ್ದರೆ ಸಂವೇದಕ ನಿರ್ದೋಷಿ. ಫ್ಯೂಸು, ರಿಲೇ, ಒತ್ತಡದ ಸ್ವಿಚ್ಚುಗಳ ಕಡೆಗೆ ಹೋಗಬೇಕು. ಅನಿಲ ನಿಜವಾಗಿಯೂ ತೀರ ಕಡಿಮೆಯಾದಾಗ ಒತ್ತಡದ ಸ್ವಿಚ್ಚು ತಾನಾಗಿಯೇ ಕಂಪ್ರೆಸರನ್ನು ನಿಲ್ಲಿಸುವುದುಂಟು. ಆದುದರಿಂದ “ಗ್ಯಾಸು ಹೋಗಿದೆ” ಎಂಬ ಊಹೆ ಯಾವಾಗಲೂ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಪರೀಕ್ಷಿಸಬೇಕಾದ ಊಹೆಗಳಲ್ಲಿ ಒಂದು ಎಂದಷ್ಟೇ ನನ್ನ ಮಾತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ರೋಧವನ್ನು ಅಳೆಯುವುದು ವಿದ್ಯಾರ್ಥಿಯೂ ಮಾಡಬಹುದಾದ ಕೆಲಸ. ಅನಿಲದ ಕೊಳವೆಗಳನ್ನು ಬಿಚ್ಚುವುದು ಅಲ್ಲ. ಅವುಗಳೊಳಗಿನ ಒತ್ತಡ ಹೆಚ್ಚು. ಚಿಮ್ಮಿದ ದ್ರವ ಚರ್ಮವನ್ನೂ ಕಣ್ಣನ್ನೂ ಹೆಪ್ಪುಗಟ್ಟಿಸಿ ಕೆಡಿಸುತ್ತದೆ. ಎಂಜಿನ್ನು ನಡೆಯುತ್ತಿರುವಾಗ ಪಟ್ಟಿ ಮತ್ತು ಬೀಸಣಿಗೆಗಳ ಬಳಿ ಕೈಯನ್ನಾಗಲಿ ಸೆರಗನ್ನಾಗಲಿ ಒಯ್ಯಬಾರದು.

ನನ್ನ ಈ ವಾದಕ್ಕೆ ಗ್ಯಾರೇಜಿನ ಕಡೆಯಿಂದ ಬರಬಹುದಾದ ಆಕ್ಷೇಪಣೆಗಳನ್ನು ನಾನು ಅಲ್ಲಗಳೆಯುವುದಿಲ್ಲ. ಮೊದಲನೆಯದು ಅನುಭವದ ಮಾತು. “ಇಪ್ಪತ್ತು ವರ್ಷ ಕೈಯಾಡಿಸಿದ ಮಿಸ್ತ್ರಿಗೆ ಮೀಟರಿನ ಹಂಗೇಕೆ? ಕೊಳವೆಯನ್ನು ಮುಟ್ಟಿದರೆ ಸಾಕು, ರೋಗ ತಿಳಿಯುತ್ತದೆ.” ಇದರಲ್ಲಿ ಸತ್ಯವಿದೆ. ಒಂದು ಕೊಳವೆ ಬಿಸಿ, ಇನ್ನೊಂದು ತಂಪು ಇದೆಯೆ ಎಂದು ಕೈಯಿಂದ ನೋಡುವುದು ಒಳ್ಳೆಯ ಮೊದಲ ಪರೀಕ್ಷೆಯೇ ಸರಿ. ಆದರೆ ಮನುಷ್ಯನ ಚರ್ಮ ಹೋಲಿಕೆಯನ್ನು ತಿಳಿಸಬಲ್ಲುದೇ ಹೊರತು ಪರಿಮಾಣವನ್ನಲ್ಲ. ಬಿಸಿನೀರಿನಲ್ಲಿ ಒಂದು ಕೈ, ತಣ್ಣೀರಿನಲ್ಲಿ ಇನ್ನೊಂದು ಕೈ ಇಟ್ಟು, ಬಳಿಕ ಎರಡನ್ನೂ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದರೆ ಒಂದೇ ನೀರು ಒಂದು ಕೈಗೆ ತಂಪು, ಇನ್ನೊಂದಕ್ಕೆ ಬಿಸಿ. ಹತ್ತು ಡಿಗ್ರಿಯ ಕಾಯಿಲ್ಲನ್ನೂ ಎರಡು ಡಿಗ್ರಿಯ ಕಾಯಿಲ್ಲನ್ನೂ ನಲವತ್ತರ ಬಿಸಿಲಿನಿಂದ ಬಂದ ಕೈ “ತಂಪು” ಎಂಬ ಒಂದೇ ಮಾತಿನಿಂದ ವರ್ಣಿಸುತ್ತದೆ. ಅನುಭವಿಯ ಕೈಗೆ ಮೀಟರು ಶತ್ರುವಲ್ಲ. ಆ ಕೈಗೆ ಕೊಟ್ಟ ಕಣ್ಣು.

ಎರಡನೆಯ ಆಕ್ಷೇಪಣೆ ಸಮಯದ್ದು. ಗಿರಾಕಿ ಕಾದಿದ್ದಾನೆ, ಮಂಜಿನಲ್ಲಿ ಅದ್ದುತ್ತ ಕೂರಲು ಬಿಡುವೆಲ್ಲಿ? ಇದಕ್ಕೆ ಉತ್ತರ ಲೆಕ್ಕದಲ್ಲಿಯೇ ಇದೆ. ಮೀಟರಿನ ಪರೀಕ್ಷೆಗೆ ಬೇಕಾದುದು ಅರ್ಧ ಗಂಟೆ. ಕಂಪ್ರೆಸರನ್ನು ಬಿಚ್ಚಿ ಜೋಡಿಸುವುದಕ್ಕೆ ದಿನದ ಬಹುಭಾಗ. ಅದು ಬೇಡವಾಗಿತ್ತೆಂದು ಆಮೇಲೆ ತಿಳಿದರೆ ಕಳೆದ ದಿನವೂ ಮರಳುವುದಿಲ್ಲ, ಗಿರಾಕಿಯ ವಿಶ್ವಾಸವೂ ಮರಳುವುದಿಲ್ಲ.

ಮೂರನೆಯದು, “ಸಂವೇದಕ ಅಗ್ಗ, ಸಂಶಯ ಬಂದರೆ ಬದಲಿಸಿಬಿಡಿ” ಎಂಬುದು. ಹಳೆಯ ಕಾರುಗಳ ವಿಷಯದಲ್ಲಿ ಇದು ಪೂರ್ತಿ ಸರಿಯಲ್ಲ. ತಯಾರಿಕೆ ನಿಂತುಹೋದ ಕಾರಿನ ನಿಜವಾದ ಬಿಡಿಭಾಗ ಸಿಕ್ಕದೆ, ನೋಟಕ್ಕೆ ಅದರಂತೆಯೇ ಇರುವ ಬೇರೊಂದನ್ನು ಹಾಕುವುದುಂಟು. ೨೫ ಡಿಗ್ರಿಯಲ್ಲಿ ೨೦೦೦ ಓಂ ಇರಬೇಕಾದ ಕಡೆ ೧೦,೦೦೦ ಓಂನ ಮಣಿ ಕುಳಿತರೆ, ಹೊಚ್ಚಹೊಸ ಸಂವೇದಕವೇ ಸುಡುಬೇಸಗೆಯಲ್ಲಿ ಹಿಮಾಲಯದ ಚಳಿಯನ್ನು ವರದಿ ಮಾಡುತ್ತದೆ. ಹೊಸದು ಎಂದ ಮಾತ್ರಕ್ಕೆ ಸರಿ ಎಂದರ್ಥವಲ್ಲ. ಅದನ್ನೂ ಅಳೆದೇ ಹಾಕಬೇಕು.

ಗ್ಯಾಸು ತುಂಬಿಸುವ ಅಭ್ಯಾಸದಲ್ಲಿ ಒಡೆಯನ ಹಣಕ್ಕಿಂತ ದೊಡ್ಡದಾದ ಒಂದು ನಷ್ಟವೂ ಇದೆ. ವಿಶ್ರಾಂತಿಯಲ್ಲಿರುವ ಯಂತ್ರದೊಳಗೆ ಸ್ವಲ್ಪವಾದರೂ ದ್ರವರೂಪದ ಶೈತ್ಯಕಾರಕ ಉಳಿದಿರುವವರೆಗೆ ಅಲ್ಲಿಯ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ, ಪ್ರಮಾಣವಲ್ಲ. ಆದುದರಿಂದ ಗೇಜಿನ ಮುಳ್ಳನ್ನು ಮಾತ್ರ ನೋಡಿ “ಇಷ್ಟು ಕಡಿಮೆ” ಎನ್ನುವಂತಿಲ್ಲ. ಸರಿಯಾದ ಕ್ರಮವೆಂದರೆ ಇರುವುದನ್ನು ಯಂತ್ರದ ಮೂಲಕ ಹಿಂದಕ್ಕೆ ಪಡೆದು, ನಿರ್ವಾತ ಮಾಡಿ, ತೂಗಿ ತುಂಬುವುದು. ಅದಕ್ಕೆ ಬದಲಾಗಿ ಹಳೆಯ ಅನಿಲವನ್ನು ಗಾಳಿಗೆ ಬಿಟ್ಟು ಹೊಸದನ್ನು ತುಂಬಿದರೆ ಏನಾಗುತ್ತದೆಂದು ನೋಡೋಣ. ಈಚಿನ ದಶಕಗಳ ಬಹುಪಾಲು ಕಾರುಗಳಲ್ಲಿ ಬಳಕೆಯಾದ ಆರ್-೧೩೪ಎ ಎಂಬ ಅನಿಲವು, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ೧೩೦೦ರಿಂದ ೧೫೦೦ ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿಮಾಡಬಲ್ಲುದು. ಸಣ್ಣ ಕಾರಿನಲ್ಲಿರುವುದು ಸುಮಾರು ಅರ್ಧ ಕಿಲೋಗ್ರಾಂ. ಅದನ್ನು ಗಾಳಿಗೆ ಬಿಡುವುದೆಂದರೆ ಸುಮಾರು ೩೦೦ ಲೀಟರ್ ಪೆಟ್ರೋಲನ್ನು ಸುಟ್ಟಂತೆ. ಕಿಲುಬು ಹಿಡಿದ ಒಂದು ಜೋಡಣೆಯನ್ನು ಉಜ್ಜದೆ ಹೋದುದಕ್ಕೆ ಇದು ಬಹಳ ದೊಡ್ಡ ದಂಡ.

ಈ ಅನಿಲಗಳ ಇತಿಹಾಸವೇ ಸಂವೇದಕವನ್ನು ಹೇಗೆ ನಂಬಬೇಕೆಂಬುದಕ್ಕೆ ಒಂದು ಪಾಠ. ಹಿಂದಿನ ಕಾರುಗಳಲ್ಲಿ ಇದ್ದುದು ಆರ್-೧೨ ಎಂಬ ಕ್ಲೋರೋಫ್ಲೋರೋಕಾರ್ಬನ್. ಇಂಥ ಅನಿಲಗಳು ಮೇಲಿನ ವಾಯುಮಂಡಲದ ಓಜೋನನ್ನು ನಾಶಮಾಡಬಲ್ಲವೆಂದು ಮೊಲಿನಾ ಮತ್ತು ರೋಲೆಂಡ್ ೧೯೭೪ರಲ್ಲಿ ಹೇಳಿದರು. ಅಂಟಾರ್ಕ್ಟಿಕದ ಹ್ಯಾಲಿ ನೆಲೆಯಲ್ಲಿ ಬ್ರಿಟಿಷ್ ವಿಜ್ಞಾನಿಗಳ ಉಪಕರಣ ವಸಂತಕಾಲದ ಓಜೋನ್ ತೀರ ಕಡಿಮೆಯಾಗಿದೆಯೆಂದು ತೋರಿಸತೊಡಗಿದಾಗ ಅವರು ಮೊದಲು ಸಂಶಯಿಸಿದ್ದು ತಮ್ಮ ಉಪಕರಣವನ್ನೇ. ಬೇರೊಂದು ಉಪಕರಣವನ್ನು ತರಿಸಿ ಅಳೆದರು. ಅದೂ ಅದನ್ನೇ ಹೇಳಿತು. ೧೯೮೫ರಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ಅದನ್ನು ಪ್ರಕಟಿಸಿದರು. ಅದೇ ಕಾಲದಲ್ಲಿ ಮೇಲೆ ಸುತ್ತುತ್ತಿದ್ದ ಅಮೆರಿಕದ ಉಪಗ್ರಹವೂ ಆ ಕಡಿಮೆ ಅಂಕಿಗಳನ್ನು ಕಂಡಿತ್ತು. ಆದರೆ ಅವು ಸಂದೇಹಾಸ್ಪದವೆಂಬ ಗುರುತಿನೊಡನೆ ಬದಿಗಿರಿಸಲ್ಪಟ್ಟಿದ್ದವು. ಸಂವೇದಕವನ್ನು ಕುರುಡಾಗಿ ನಂಬುವುದೂ ತಪ್ಪು, ಪರೀಕ್ಷಿಸದೆ ಅನುಮಾನಿಸುವುದೂ ತಪ್ಪು. ಸಂಶಯಕ್ಕೂ ವಿಶ್ವಾಸಕ್ಕೂ ನಡುವೆ ಒಂದು ಅಳತೆ ಇರಲೇಬೇಕು.

ಆ ಅಳತೆಯ ಫಲವಾಗಿ ೧೯೮೭ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತವು ಔಷಧದ ಉಪಯೋಗಕ್ಕಿದ್ದ ವಿನಾಯಿತಿಯನ್ನುಳಿದು ಆ ಅನಿಲಗಳ ತಯಾರಿಕೆಯನ್ನು ೨೦೦೮ರಲ್ಲಿ ನಿಲ್ಲಿಸಿತು. ಓಜೋನಿಗೆ ಹಾನಿ ಮಾಡದ ಆದರೆ ಭೂಮಿಯನ್ನು ಬಿಸಿಮಾಡುವ ಆರ್-೧೩೪ಎ ಮೊದಲಾದವುಗಳನ್ನು ಕ್ರಮವಾಗಿ ಕಡಿಮೆ ಮಾಡಬೇಕೆಂದು ೨೦೧೬ರಲ್ಲಿ ಕಿಗಾಲಿಯಲ್ಲಿ ತೀರ್ಮಾನವಾಯಿತು. ಭಾರತ ಅದನ್ನು ೨೦೨೧ರಲ್ಲಿ ಅನುಮೋದಿಸಿತು. ದೇಶಗಳು ಸಹಿ ಹಾಕಿದ ಮಾತನ್ನು ನಡೆಸಿಕೊಡಬೇಕಾದವರು ಕಡೆಗೆ ಸಿಂದಗಿಯ ಅಥವಾ ಮುದ್ದೇಬಿಹಾಳದ ರಸ್ತೆಬದಿಯ ಗ್ಯಾರೇಜಿನವರು. ಅವರ ಕೈಗೆ ಆ ಶಕ್ತಿಯನ್ನು ಕೊಡುವ ಹೊಣೆ ನಮ್ಮೆಲ್ಲರದು.

ಈ ಕಾರಣದಿಂದ ನಾನು ಒಂದು ಸಣ್ಣ ಸಲಹೆಯನ್ನು ಮುಂದಿಡಬಯಸುತ್ತೇನೆ. ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆ ಮತ್ತು ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಶಾಲೆಗಳಲ್ಲಿ ಹಳೆಯ ಕಾರುಗಳಿಂದ ತೆಗೆದ ನಾಲ್ಕಾರು ಥರ್ಮಿಸ್ಟರುಗಳನ್ನು ಸಂಗ್ರಹಿಸಿಡಬೇಕು. ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳು ಮೀಟರ್ ಸೇತುವೆಯಿಂದ ತಂತಿಯ ರೋಧವನ್ನು ಅಳೆಯುತ್ತಾರೆ. ಆ ಸೇತುವೆಯ ಮೂಲತತ್ತ್ವವನ್ನು ಕ್ರಿಸ್ಟಿ ಎಂಬಾತನು ೧೮೩೩ರಲ್ಲಿ ತಿಳಿಸಿದನು. ೧೮೪೩ರಲ್ಲಿ ವೀಟ್‌ಸ್ಟನ್ ಅದನ್ನು ಪ್ರಸಿದ್ಧಗೊಳಿಸಿದನು. ಫ್ಯಾರಡೆಯು ಸಿಲ್ವರ್ ಸಲ್ಫೈಡನ್ನು ಪರೀಕ್ಷಿಸಿದ್ದೂ ೧೮೩೩ರಲ್ಲಿಯೇ ಎಂಬುದನ್ನು ನೆನೆದರೆ ಈ ಎರಡನ್ನೂ ಒಂದೇ ಮೇಜಿನ ಮೇಲೆ ಕೂಡಿಸುವುದು ಅರ್ಥಪೂರ್ಣವಾಗಿಯೇ ತೋರುತ್ತದೆ. ಅದೇ ಸೇತುವೆಯಲ್ಲಿ ತಂತಿಯ ಬದಲು ಥರ್ಮಿಸ್ಟರನ್ನಿಟ್ಟು, ಸೊನ್ನೆಯಿಂದ ಐವತ್ತು ಡಿಗ್ರಿಯವರೆಗೆ ಐದೈದು ಡಿಗ್ರಿಗೊಮ್ಮೆ ಅಳೆದು, ರೇಖಾಚಿತ್ರವನ್ನು ಬರೆಯಲಿ. ರೇಖೆ ಸರಳವಾಗಿಲ್ಲದಿರುವುದನ್ನು ಕಂಡು ಏಕೆಂದು ಕೇಳಲಿ. ಹಾಗೆ ತಯಾರಾದ ಪಟ್ಟಿಯ ಒಂದು ಪ್ರತಿಯನ್ನು, ಯಾವ ಕಾರಿನ ಮಣಿಯೆಂಬ ವಿವರದೊಡನೆ, ಊರಿನ ಗ್ಯಾರೇಜಿನ ಗೋಡೆಗೆ ಅಂಟಿಸಲಿ. ಕೈಪಿಡಿ ಕಳೆದುಹೋದ ಹಳೆಯ ಕಾರಿಗೆ ಅದೇ ಕೈಪಿಡಿಯಾದೀತು.

ಇದರಿಂದ ವಿದ್ಯಾರ್ಥಿಗೆ ಸಿಗುವ ಲಾಭ ಪರೀಕ್ಷೆಯ ಅಂಕಗಳಿಗೆ ಮೀರಿದುದು. ಪ್ರಯೋಗಶಾಲೆಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ತನ್ನ ಅಂಕಿ ಪುಸ್ತಕದ ಅಂಕಿಗೆ ಹೊಂದದಿದ್ದರೆ ಅವನು ಅಂಕಿಯನ್ನು ತಿದ್ದಿಬಿಡುವ ದುರಾಶೆಗೆ ಒಳಗಾಗುತ್ತಾನೆ. ಕೆಟ್ಟ ಕಾರಿನ ಮುಂದೆ ಉತ್ತರ ಯಾರಿಗೂ ಗೊತ್ತಿಲ್ಲ. ಅಲ್ಲಿ ಅಂಕಿಯನ್ನು ತಿದ್ದಿದರೆ ಕಾರು ತಂಪಾಗುವುದಿಲ್ಲ! ತನ್ನ ಮೀಟರು ಸರಿಯಾಗಿದೆಯೆ, ಅದರ ಬ್ಯಾಟರಿ ಕುಗ್ಗಿದೆಯೆ, ತನ್ನ ಉಷ್ಣಮಾಪಕ ಮಂಜಿನ ನೀರಿನಲ್ಲಿ ಸೊನ್ನೆಯನ್ನು ತೋರಿಸುತ್ತದೆಯೆ ಎಂದು ಅವನು ಮೊದಲು ತನ್ನ ಉಪಕರಣಗಳನ್ನೇ ವಿಚಾರಿಸಬೇಕಾಗುತ್ತದೆ. ವಿಜ್ಞಾನದ ಶೀಲವೆಂದರೆ ಇದೇ.

ಮಿಸ್ತ್ರಿಗೂ ಇದರಿಂದ ಲಾಭವುಂಟು. “ಹೀಗಿರಬಹುದು” ಎಂದು ಹೇಳಿ ಹಣ ಪಡೆಯುವುದಕ್ಕೂ, “ಇಲ್ಲಿ ನೋಡಿ, ಮಣಿಯ ಬಳಿ ೧೦೬೦, ಪೆಟ್ಟಿಗೆಯ ಬಳಿ ೩೦೬೦, ದೋಷ ಈ ಜೋಡಣೆಯದು” ಎಂದು ಮೀಟರನ್ನು ತೋರಿಸಿ ಹಣ ಪಡೆಯುವುದಕ್ಕೂ ಅಂತರ ಬಹಳ. ಎರಡನೆಯ ಮಾತನ್ನು ಗಿರಾಕಿ ತನ್ನ ಕಣ್ಣಿನಿಂದಲೇ ಒಪ್ಪುತ್ತಾನೆ. ದುಡಿಮೆಯೇ ಪೂಜೆಯೆಂದು ಸಾರಿದ ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ, ಕೆಲಸದ ಗೌರವ ಅದರ ಪ್ರಾಮ್ಯಾಣದಲ್ಲಿದೆಯೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮುಂದಿನ ಬೇಸಗೆ ಬರುವ ಮೊದಲು ನಮ್ಮ ವಿದ್ಯಾರ್ಥಿಗಳು ಒಂದು ಮಾಘದ ಬೆಳಗ್ಗೆ ಮಲ್ಟಿಮೀಟರನ್ನೂ ಉಷ್ಣಮಾಪಕವನ್ನೂ ಹಿಡಿದು ಊರಿನ ಗ್ಯಾರೇಜಿಗೆ ಹೋಗಲಿ. ರಾತ್ರಿಯೆಲ್ಲ ಅಂಗಳದಲ್ಲಿ ನಿಂತಿದ್ದ ಯಾವುದಾದರೂ ಒಂದು ಹಳೆಯ ಕಾರಿನ ಸಂವೇದಕಗಳನ್ನು, ಮಿಸ್ತ್ರಿಯ ಅಪ್ಪಣೆ ಪಡೆದು, ಒಂದೊಂದಾಗಿ ಅಳೆದು ಬರೆದುಕೊಳ್ಳಲಿ. ಎಲ್ಲವೂ ಒಂದೇ ಉಷ್ಣತೆಯನ್ನು ಹೇಳಿದರೆ ಆ ಕಾರಿನ ಒಡೆಯನಿಗೆ ಅದೇ ಶುಭವಾರ್ತೆ. ಒಂದು ಬೇರೆಯಾಗಿ ಹೇಳಿದರೆ, ಉರಿಬಿಸಿಲು ಬರುವ ಮೊದಲೇ ಅದನ್ನು ಸರಿಪಡಿಸಲು ಸಾಕಷ್ಟು ಕಾಲವಿರುತ್ತದೆ.